ತಲಾ ಕಲೀಜಿ-ಬೋಟಿ ಲೆಕ್ಕ ಇಳಿದರೆ ಜನ ತಿನ್ನೋದು ಬಿಟ್ಟರು ಅಂತಲೇ?

ಪ್ರಶ್ನೆ (ಎಂ.ಎಸ್ಸಿ. ವಿದ್ಯಾರ್ಥಿನಿ, ಧಾರವಾಡ): ಸರ್, ಸೆಮಿನಾರ್‌ಗೆ ಅಂತ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ (ಎಫ್‌ಎಒ) ಅಂಕಿ ತೆಗೆದಿದ್ದೇನೆ. ಒಂದು ದೇಶ ಆರಿಸಿ, ಲಿವರ್ (ಕಲೀಜಿ), ಬೋಟಿ (ಹೊಟ್ಟೆ, ಕರುಳು), ನಾಲಿಗೆ, ಗುರ್ದೆ (ಮೂತ್ರಪಿಂಡ) ಎಲ್ಲ ಸೇರಿ ತಲೆಗೆ ವರ್ಷಕ್ಕೆ ಎಷ್ಟು ಕೆಜಿ ಅಂತ ಗ್ರಾಫ್ ಹಾಕಿದೆ. 1961ರಿಂದ ಇದೆ. ಮೊದಲು ಏರಿದೆ, ಆಮೇಲೆ ಇಳಿದಿದೆ, ಹಳೆಯ ಪಟ್ಟಿ ಮುಗಿದು ಹೊಸದು ಶುರುವಾಗುವ ಕಡೆ ದಿಢೀರ್ ಜಿಗಿದಿದೆ. ಜನರ ರುಚಿ ಬದಲಾಯ್ತು ಅಂತ ಬರೆಯಬಹುದಾ? ಗೈಡ್ ಒಪ್ಪುತ್ತಿಲ್ಲ.

ಉತ್ತರ (ನಿವೃತ್ತ ಪಶುವೈದ್ಯ, ಹುಬ್ಬಳ್ಳಿ): ನಿಮ್ಮ ಗೈಡ್ ಒಪ್ಪದೇ ಇರೋದೇ ಸರಿ. ಆ ಸಂಖ್ಯೆಯನ್ನು ಯಾರ ತಾಟು ನೋಡಿಯೂ ಬರೆದಿಲ್ಲ. ದೇಶದ ಉತ್ಪಾದನೆಗೆ ಆಮದು ಕೂಡಿಸ್ತಾರೆ, ರಫ್ತು ಕಳೀತಾರೆ. ದಾಸ್ತಾನಿಗೆ ಹೋದದ್ದು, ಹಾಳಾದದ್ದು, ಬೇರೆ ಕೆಲಸಕ್ಕೆ ಹೋದದ್ದು ತೆಗೀತಾರೆ. ಉಳಿದದ್ದನ್ನು ಜನಸಂಖ್ಯೆಯಿಂದ ಭಾಗಿಸ್ತಾರೆ. ಅಂದರೆ ಅದು ಪೂರೈಕೆ. ತಿಂದದ್ದು ಬೇರೆ ವಿಷಯ.

ಸುಮ್ನೆ ಒಂದು ಲೆಕ್ಕ ಹಾಕೋಣ, ಅಂಕಿ ನನ್ನ ಕಲ್ಪನೆ. 1 ಕೋಟಿ ಜನರ ದೇಶ. ಉತ್ಪಾದನೆ 10,000 ಟನ್, ಆಮದು 3,000, ರಫ್ತು 5,000. ಉಳಿಯೋದು 8,000 ಟನ್. ತಲೆಗೆ ವರ್ಷಕ್ಕೆ 800 ಗ್ರಾಂ, ದಿನಕ್ಕೆ 2 ಗ್ರಾಂ ಚಿಲ್ಲರೆ. ಮುಂದಿನ ವರ್ಷ ರಫ್ತು 7,000 ಟನ್ ಆಯ್ತು ಅನ್ನಿ. ತಲೆಗೆ 600 ಗ್ರಾಂಗೆ ಇಳೀತು. ಯಾರ ನಾಲಿಗೆ ರುಚಿಯೂ ಕೆಟ್ಟಿಲ್ಲ, ಮಾಲು ಹಡಗು ಹತ್ತಿದೆ ಅಷ್ಟೆ. ಅಮೆರಿಕದ ದನದ ಲಿವರ್‌ಗೆ ಈಜಿಪ್ಟ್ ದೊಡ್ಡ ಗಿರಾಕಿ. ಅಂಥ ವ್ಯಾಪಾರ ಏರಿದರೂ ಇಳಿದರೂ ಎರಡೂ ದೇಶದ ಗೆರೆ ಅಲ್ಲಾಡುತ್ತದೆ.

ಇನ್ನು ಉತ್ಪಾದನೆ. ಲಿವರ್, ಬೋಟಿಯನ್ನು ಕೂತು ತೂಗಿ ಲೆಕ್ಕ ಕೊಡುವ ದೇಶಗಳು ಕಡಿಮೆ. ಬಹಳ ಕಡೆ, ಕಡಿದ ಪ್ರಾಣಿಗಳ ಸಂಖ್ಯೆಯನ್ನು ಒಂದೊಂದರಿಂದ ಸಿಗುವ ಸರಾಸರಿ ತೂಕದಿಂದ ಗುಣಿಸಿ ಅಂದಾಜು ಮಾಡ್ತಾರೆ. ಹಾಗಾಗಿ ನಿಮ್ಮ ಗ್ರಾಫ್ ಹೆಚ್ಚಾಗಿ ಎಷ್ಟು ತಲೆ ಕಡಿದರು ಅನ್ನೋದರ ನೆರಳು.

ಆ ಸಂಖ್ಯೆ ಹುಟ್ಟೋ ಜಾಗವನ್ನೂ ಸ್ವಲ್ಪ ನೋಡಿ. ನಮ್ಮ ದೇಶದಲ್ಲಿ ಹಾಲು, ಮೊಟ್ಟೆ, ಮಾಂಸದ ಮಾದರಿ ಸಮೀಕ್ಷೆ ಮಾರ್ಚ್‌ನಿಂದ ಫೆಬ್ರುವರಿವರೆಗೆ ನಡೀತದೆ, ಬೇಸಿಗೆ, ಮಳೆ, ಚಳಿ ಅಂತ ಮೂರು ಕಂತು. ಅಂಗಡಿಯಲ್ಲಿ ಕುರಿಯ ಚರ್ಮ ಸುಲಿದು ಕೊಕ್ಕೆಗೆ ಹಾಕಿರ್ತಾರೆ. ತಲೆಕಾಲು ಬೇರೆ, ಬೋಟಿ ಬೇರೆ ಬುಟ್ಟಿಯಲ್ಲಿ. ಆದರೆ ಗುರ್ದೆ ಹಲವು ಸಲ ಒಡಲಲ್ಲೇ ನೇತಾಡುತ್ತಿರುತ್ತದೆ, ಕೆಲವರು ಕಲೀಜಿಯನ್ನೂ ಬಿಟ್ಟಿರ್ತಾರೆ. ಹಾಗೇ ತೂಗಿದರೆ ಅದು ಮಟನ್ ಲೆಕ್ಕಕ್ಕೆ ಹೋಯ್ತು. ಗ್ರಾಮದೇವಿ ಜಾತ್ರೆಯಲ್ಲಿ ಮನೆ ಮುಂದೆ ಕಡಿದ ಕುರಿಗೆ ರಸೀದಿ ಯಾರು ಕೊಡ್ತಾರೆ? ಅದೆಲ್ಲ ಅಂದಾಜಿನಲ್ಲೇ ಬರಬೇಕು. ಇಷ್ಟಾದ ಮೇಲೂ ಗ್ರಾಫಿನಲ್ಲಿ ದಶಾಂಶ ಬಿಂದುವಿನ ನಂತರ ಎರಡು ಅಂಕಿ ನೋಡಿದರೆ ನನಗೆ ನಗು ಬರ್ತದೆ.

ನಿಮ್ಮ ದಿಢೀರ್ ಜಿಗಿತದ ಬಗ್ಗೆ ಹೇಳಬೇಕಂದ್ರೆ, ಎಫ್‌ಎಒದ ಹಳೆಯ ಪಟ್ಟಿ 2013ಕ್ಕೆ ನಿಲ್ಲುತ್ತದೆ. ಹೊಸ ವಿಧಾನದ ಪಟ್ಟಿ 2010ರಿಂದ ಶುರು. ನೀವು ಎರಡನ್ನೂ ಒಂದೇ ಗೆರೆಯಾಗಿ ಹೊಲಿದಿದ್ದೀರಿ. 2010ರಿಂದ 2013 ಎರಡರಲ್ಲೂ ಇದೆ, ಅಲ್ವಾ? ಆ ನಾಲ್ಕು ವರ್ಷ ಪಕ್ಕಪಕ್ಕ ಇಟ್ಟು ನೋಡಿ. ಒಂದೇ ವರ್ಷಕ್ಕೆ ಎರಡು ಬೇರೆ ಸಂಖ್ಯೆ ಇದ್ದರೆ ಜಿಗಿತ ವಿಧಾನದ್ದು, ಜನರದ್ದಲ್ಲ.

ವಿದ್ಯಾರ್ಥಿನಿ: ನೋಡಿದೆ ಸರ್, ನಾಲ್ಕೂ ವರ್ಷ ಬೇರೆ ಬೇರೆ ಇವೆ! ಹಾಗಾದ್ರೆ ನಿಜವಾದ ಕಾರಣ ಇರೋ ಇಳಿಕೆ ಅಂತ ಯಾವುದನ್ನು ತೋರಿಸಲಿ?

ಉತ್ತರ: ಬ್ರಿಟನ್ ತಗೊಳ್ಳಿ. ಹುಚ್ಚು ಹಸು ರೋಗವನ್ನು ಅಲ್ಲಿ 1986ರಲ್ಲಿ ಗುರುತಿಸಿದರು. 1989ರಲ್ಲಿ ದನದ ಮಿದುಳು, ಬೆನ್ನುಹುರಿ, ಗುಲ್ಮ, ಕರುಳು ಇಂಥವನ್ನು ಜನರ ಆಹಾರಕ್ಕೆ ಬಳಸಬಾರದು ಅಂತ ಕಾನೂನು ಬಂತು. 1996ರಲ್ಲಿ ಈ ರೋಗ ಮನುಷ್ಯರಿಗೂ ತಗುಲಿರಬಹುದು ಅಂತ ಸರ್ಕಾರವೇ ಹೇಳಿತು. ಆಮೇಲೆ 30 ತಿಂಗಳು ದಾಟಿದ ದನವೇ ಊಟಕ್ಕೆ ಬೇಡ ಅಂದರು. ಪ್ರಾಣಿ ಅದೇ, ಅಂಗ ಅದೇ, ತಿನ್ನೋ ಪಟ್ಟಿಯಿಂದ ಹೊರಬಿತ್ತು. ಅಮೆರಿಕದಲ್ಲಿ 1971ರಿಂದ ಪ್ರಾಣಿಗಳ ಶ್ವಾಸಕೋಶ ಜನರ ಆಹಾರವಲ್ಲ. ಕಡಿದ ತಲೆಗಳ ಸಂಖ್ಯೆಯ ಗೆರೆಯನ್ನು ಕೆಳಗೆ ಹಾಕಿ, ಈ ವರ್ಷಗಳನ್ನು ಮೇಲೆ ಗುರುತು ಮಾಡಿ.

ಪ್ರಶ್ನೆ (ಮಟನ್ ಅಂಗಡಿಯವರು, ಹಾವೇರಿ): ಡಾಕ್ಟ್ರೇ, ನಮ್ಮಲ್ಲಿ ಕಲೀಜಿ ಬೆಳಿಗ್ಗೆನೇ ಖಾಲಿ ಆಗ್ತದ್ರೀ. ಬೋಟಿ ಮಾತ್ರ ಉಳೀತದ. ಬಿಸಿನೀರು, ಸುಣ್ಣ ಹಾಕಿ ತೊಳ್ಯಾಕ ಮನ್ಯಾಗ ಯಾರಿಗೂ ಪುರುಸೊತ್ತಿಲ್ಲ. ಇದು ಆ ಲೆಕ್ಕದಾಗ ಕಾಣ್ತದೇನ್ರಿ?

ಉತ್ತರ: ಕಾಣಲ್ಲ ಅಣ್ಣಾರ. ಕಲೀಜಿ, ಬೋಟಿ ಎರಡೂ ಒಂದೇ ಸಾಲು, ಒಂದೇ ಟನ್ನು. ನಿಮ್ಮ ಕಣ್ಣಿಗೆ ಕಾಣೋ ಬದಲಾವಣೆ ಅಲ್ಲಿ ಮುಚ್ಚಿಹೋಗ್ತದೆ. ಕಾಣುವಂಥದ್ದು ಇನ್ನೊಂದಿದೆ: ಕೋಳಿ. 2022-23ರಲ್ಲಿ ದೇಶದ ಮಾಂಸ ಉತ್ಪಾದನೆ ಸುಮಾರು 97 ಲಕ್ಷ ಟನ್, ಅದರಲ್ಲಿ ಅರ್ಧದಷ್ಟು ಕೋಳಿಯೇ. ಎರಡು ಕೆಜಿ ಕೋಳಿಯಲ್ಲಿ ಲಿವರ್ 50 ಗ್ರಾಂ ಆಸುಪಾಸು. ಕುರಿಯಲ್ಲಿ ತಲೆಕಾಲು, ಬೋಟಿ, ಕಲೀಜಿ ಸೇರಿದರೆ ಮಾಂಸದ ತೂಕಕ್ಕೆ ಹೋಲಿಸಿದರೆ ಕೋಳಿಗಿಂತ ಬಹಳ ಹೆಚ್ಚು ಅಂತ ನಿಮಗೇ ಗೊತ್ತು. ಹಾಗಾಗಿ ಮಾಂಸದ ಗೆರೆ ಏರಿದ ವೇಗದಲ್ಲೇ ಕಲೀಜಿ-ಬೋಟಿ ಗೆರೆ ಏರೋದಿಲ್ಲ.

ಪ್ರಶ್ನೆ (ಗೃಹಿಣಿ, ಗದಗ): ಸರ್, ದಿನಕ್ಕೆ 2 ಗ್ರಾಂ ಅಂದ್ರೆ ಏನೂ ಅಲ್ಲ. ನಮ್ಮ ಸೊಸಿಗೆ ಮೂರು ತಿಂಗಳು, ರಕ್ತ ಕಡಿಮಿ ಐತಿ. ವಾರಕ್ಕೆರಡು ಸಲ ಕಲೀಜಿ ಮಾಡಿ ಕೊಡ್ಲೇನ್ರಿ?

ಉತ್ತರ: ಅಕ್ಕಾರ, ನಾನು ದನದ ಡಾಕ್ಟರ್, ಆದರೂ ಇಷ್ಟು ಹೇಳ್ತೀನಿ. 100 ಗ್ರಾಂ ಕುರಿ ಲಿವರ್‌ನಲ್ಲಿ ಕಬ್ಬಿಣ 7 ಮಿಲಿಗ್ರಾಂ ಇದೆ, ಒಳ್ಳೇದೇ. ಆದರೆ ವಿಟಮಿನ್ ಎ 7,000 ಮೈಕ್ರೋಗ್ರಾಂ ದಾಟ್ತದೆ. ದೊಡ್ಡವರಿಗೆ ದಿನದ ಮಿತಿ 3,000. ಮೊದಲ ತಿಂಗಳುಗಳಲ್ಲಿ ಇದು ಅತಿಯಾದರೆ ಮಗುವಿನ ಬೆಳವಣಿಗೆಗೆ ತೊಂದರೆ ಆಗಬಹುದು. ಬ್ರಿಟನ್‌ನಲ್ಲಿ ಗರ್ಭಿಣಿಯರಿಗೆ ಲಿವರ್ ಬೇಡವೇ ಬೇಡ ಅಂತ ಹೇಳ್ತಾರೆ. ಸದ್ಯ ಕಲೀಜಿ ನಿಲ್ಲಿಸಿ. ಕಬ್ಬಿಣದ ಗುಳಿಗೆ ಕೊಟ್ಟಿದ್ದರೆ ತಪ್ಪಿಸಬೇಡಿ, ಉಳಿದದ್ದು ಅವರನ್ನು ನೋಡೋ ಡಾಕ್ಟರನ್ನೇ ಕೇಳಿ.