ಪದಚರ್ಚೆ: ಕೈಪಿಡಿಯ ಭೇಟಿ ಲೆಕ್ಕದಲ್ಲಿ 'ಬೌನ್ಸ್ ರೇಟ್' ಎಂಬುದಕ್ಕೆ ಕನ್ನಡದ ಮಾತು ಯಾವುದು?

ಮಾನ್ಯರೇ,

ಶಿರಸಿಯಲ್ಲಿದ್ದುಕೊಂಡು, ಸಹಕಾರಿ ಸಂಘಗಳೂ ಅಡಿಕೆ ವ್ಯಾಪಾರಸ್ಥರೂ ಬಳಸುವ ಒಂದು ಲೆಕ್ಕಪತ್ರ ತಂತ್ರಾಂಶಕ್ಕೆ ಕನ್ನಡ ಕೈಪಿಡಿಯನ್ನು ಬರೆಯುವುದು ಮತ್ತು ತಿದ್ದುವುದು ನನ್ನ ಕೆಲಸ. ಕೈಪಿಡಿ ಜಾಲತಾಣದಲ್ಲಿರುವುದರಿಂದ ಯಾವ ಪುಟವನ್ನು ಎಷ್ಟು ಜನ ತೆರೆದರು, ಏನೆಂದು ಹುಡುಕಿದರು, ಎಲ್ಲಿಂದ ಹೊರಟುಹೋದರು ಎಂಬ ಲೆಕ್ಕ ತಿಂಗಳು ತಿಂಗಳೂ ಸಿಗುತ್ತದೆ. ಆ ಲೆಕ್ಕವನ್ನೂ, ಪುಟದ ಕೆಳಗೆ ಓದುಗರು ಬರೆದಿಟ್ಟ ಮಾತುಗಳನ್ನೂ ಒಟ್ಟಿಗೆ ಇಟ್ಟುಕೊಂಡು ಮುಂದೆ ಯಾವುದನ್ನು ತಿದ್ದಬೇಕೆಂದು ಗೊತ್ತುಮಾಡುತ್ತೇವೆ. ಈ ತಿಂಗಳ ವರದಿಯನ್ನು ಕನ್ನಡದಲ್ಲಿಯೇ ಬರೆಯತೊಡಗಿದ ಮೇಲೆ ಕೆಲವು ಪದಗಳು ಸುಲಭವಾಗಿ ಒದಗಿದವು. ಡಾಕ್ಯುಮೆಂಟೇಷನ್ ಎಂಬುದಕ್ಕೆ 'ದಾಖಲೆ' ಎಂದರೆ ನಮ್ಮ ಕಡೆಯವರಿಗೆ ಪಹಣಿ ನೆನಪಾಗುತ್ತದೆ, 'ದಸ್ತಾವೇಜು' ಎಂದರೆ ನೋಂದಣಿ ಕಚೇರಿ ನೆನಪಾಗುತ್ತದೆ, ಹಾಗಾಗಿ 'ಕೈಪಿಡಿ' ಎಂದೇ ಉಳಿಸಿಕೊಂಡೆವು. ಅನಲಿಟಿಕ್ಸ್ 'ಭೇಟಿ ಲೆಕ್ಕ'ವಾಯಿತು. ಬಗೆಹರಿಯದೆ ಉಳಿದಿರುವುದು 'ಬೌನ್ಸ್ ರೇಟ್', ಅಂದರೆ ಒಟ್ಟು ಭೇಟಿಗಳಲ್ಲಿ ಎಷ್ಟು ಪಾಲು ಬಂದ ಹಾಗೆಯೇ ಹೊರಟುಹೋದವು ಎಂಬ ಅಂಕಿ.

ಮೊದಲಿಗೆ ಅದನ್ನು 'ಬೌನ್ಸ್ ಪ್ರಮಾಣ' ಎಂದೇ ಬರೆದಿದ್ದೆವು. ವರದಿಯನ್ನು ಓದಿದ ಸಂಘವೊಂದರ ಲೆಕ್ಕಿಗರು ಆ ಸಾಲಿನ ಮೇಲೆ ಬೆರಳಿಟ್ಟು, ಇಷ್ಟೊಂದು ಚೆಕ್ಕುಗಳು ಮರಳಿ ಬಂದಿವೆಯೇ ಎಂದು ಗಾಬರಿಯಿಂದ ಕೇಳಿದರು. ಅವರದೇನೂ ತಪ್ಪಿಲ್ಲ. ವ್ಯಾಪಾರದ ಊರಿನಲ್ಲಿ 'ಬೌನ್ಸ್' ಎಂಬುದು ಕನ್ನಡದ ಪದವೇ ಆಗಿಹೋಗಿದೆ, ಮತ್ತು ಅದಕ್ಕಿರುವುದು ಒಂದೇ ಅರ್ಥ: ಖಾತೆಯಲ್ಲಿ ಹಣವಿಲ್ಲದೆ ಚೆಕ್ಕು ಮರಳುವುದು, ಅದರ ಬೆನ್ನಿಗೆ ನೆಗೋಷಿಯಬಲ್ ಇನ್ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಮಿನ ನೋಟಿಸು ಬರುವುದು. ಲೆಕ್ಕಪತ್ರದ ತಂತ್ರಾಂಶದ ಬಗ್ಗೆಯೇ ಬರೆದ ವರದಿಯಲ್ಲಿ ಆ ಪದವನ್ನು ಬೇರೆ ಅರ್ಥಕ್ಕೆ ಹಚ್ಚುವುದು ಓದುವವರಿಗೆ ಮಾಡುವ ಅನ್ಯಾಯವೆಂದು ನನಗನ್ನಿಸಿತು.

ಗೆಳೆಯರೊಬ್ಬರು 'ಪುಟಿತ ದರ' ಎಂಬ ಪದವನ್ನು ಸೂಚಿಸಿದರು. ಧಾತು ಸರಿಯಾಗಿಯೇ ಇದೆ, ಚೆಂಡು ಪುಟಿಯುತ್ತದೆ. ಆದರೆ ಕನ್ನಡದಲ್ಲಿ ಪುಟಿಯುವುದು ಹುರುಪಿನ ಮಾತು: ಉತ್ಸಾಹ ಪುಟಿಯುತ್ತದೆ, ಬಿದ್ದವನು ಪುಟಿದೇಳುತ್ತಾನೆ. ಬಂದವನು ಬಂದ ಹಾಗೆಯೇ ಹೊರಟುಹೋದ ಎಂಬ ಭಾವ ಅದರಲ್ಲಿಲ್ಲ. ಇನ್ನೊಂದು ತೊಡಕು ಕಣ್ಣಿನದು. 'ಪುಟದ ಪುಟಿತ' ಎಂದು ಬರೆದರೆ ಅರ್ಧ ಜನ ಅಚ್ಚಿನ ತಪ್ಪೆಂದು ತಿಳಿಯುತ್ತಾರೆ, ಉಳಿದವರು ಎರಡೂ ಒಂದೇ ಮೂಲದ ಮಾತುಗಳೆಂದು ತಿಳಿಯುತ್ತಾರೆ.

ಪದವನ್ನು ಆರಿಸುವ ಮೊದಲು, ಅದು ಅಳೆಯುವುದಾದರೂ ಏನನ್ನು ಎಂದು ನೋಡಿದಾಗ ಸಮಸ್ಯೆ ನಾನು ಎಣಿಸಿದ್ದಕ್ಕಿಂತ ಆಳವಾಗಿತ್ತು. ಭೇಟಿ ಲೆಕ್ಕ ಹಿಡಿಯುವ ತಂತ್ರಾಂಶವಾದ ಗೂಗಲ್ ಅನಲಿಟಿಕ್ಸಿನ ಹಿಂದಿನ ಆವೃತ್ತಿಯಲ್ಲಿ, ಅಂದರೆ ಯೂನಿವರ್ಸಲ್ ಅನಲಿಟಿಕ್ಸಿನಲ್ಲಿ, ಓದುಗ ಒಂದೇ ಪುಟವನ್ನು ತೆರೆದು, ಬೇರೇನನ್ನೂ ಒತ್ತದೆ ಹೊರಟುಹೋದರೆ ಅದು ಬೌನ್ಸ್. ಆತ ಆ ಪುಟವನ್ನು ಹತ್ತು ನಿಮಿಷ ಮನಸ್ಸಿಟ್ಟು ಓದಿದ್ದರೂ ಅದು ಬೌನ್ಸೇ ಆಗುತ್ತಿತ್ತು, ಮಾತ್ರವಲ್ಲ, ಆ ಭೇಟಿಯ ಅವಧಿ ಸೊನ್ನೆಯೆಂದೇ ದಾಖಲಾಗುತ್ತಿತ್ತು. 2023ರ ಜುಲೈ 1ರಿಂದ ಆ ಆವೃತ್ತಿ ಹೊಸ ಲೆಕ್ಕ ಹಿಡಿಯುವುದನ್ನು ನಿಲ್ಲಿಸಿತು. ಅದರ ಜಾಗಕ್ಕೆ ಬಂದ ಗೂಗಲ್ ಅನಲಿಟಿಕ್ಸ್ 4ರಲ್ಲಿ ಭೇಟಿ 10 ಸೆಕೆಂಡುಗಳನ್ನು ದಾಟಿದರೆ, ಅಥವಾ ಎರಡನೆಯ ಪುಟ ತೆರೆದರೆ, ಅಥವಾ ನಾವು ಮುಖ್ಯವೆಂದು ಗುರುತಿಸಿಟ್ಟ ಕೆಲಸವೊಂದು ನಡೆದರೆ ಅದು 'ತೊಡಗಿದ' ಭೇಟಿ; ಇದಾವುದೂ ಆಗದಿದ್ದರೆ ಬೌನ್ಸ್. ಇಂಥದೇ ಇನ್ನೊಂದು ತಂತ್ರಾಂಶವಾದ, ಹಿಂದೆ ಪಿವಿಕ್ ಎಂಬ ಹೆಸರಿದ್ದ ಮಟೊಮೊ ಮಾತ್ರ ಇಂದಿಗೂ ಒಂದೇ ಪುಟ ನೋಡಿಹೋದ ಭೇಟಿಗಳನ್ನೇ ಬೌನ್ಸ್ ಎನ್ನುತ್ತದೆ. ಹೆಸರು ಒಂದೇ, ಅಳತೆಗೋಲು ಎರಡು. ನಮ್ಮ ಹಳೆಯ ವರದಿಗಳಲ್ಲಿ ಈ ಅಂಕಿಗಳೆಲ್ಲ ಒಂದೇ ಕಾಲಮಿನಲ್ಲಿ, ಒಂದೇ ತಲೆಬರಹದ ಕೆಳಗೆ ಕುಳಿತಿವೆ. ಆ ಜುಲೈನಲ್ಲಿ ಅಂಕಿ ಒಮ್ಮೆಲೇ ಇಳಿದದ್ದನ್ನು ಕಂಡು, ಬೇಸಿಗೆಯಲ್ಲಿ ನಾವು ಮಾಡಿದ ತಿದ್ದುಪಡಿಗಳು ಫಲ ಕೊಟ್ಟವೆಂದು ಬರೆದಿದ್ದೆವು. ಇಳಿದಿದ್ದಕ್ಕೆ ಕಾರಣ ಬದಲಾದ ವ್ಯಾಖ್ಯೆ. ಇಂಗ್ಲಿಷ್ ಪದ ಆ ಬದಲಾವಣೆಯನ್ನು ಮುಚ್ಚಿಟ್ಟಿತು. ಕನ್ನಡದಲ್ಲಿ ಪದ ಕಟ್ಟುವಾಗಲೂ ಅದನ್ನೇ ಮಾಡುವುದು ಬೇಡವೆಂಬುದು ನನ್ನ ಕಳಕಳಿ.

ಇದಕ್ಕಿಂತಲೂ ಮುಖ್ಯವಾದ ಇನ್ನೊಂದು ಮಾತಿದೆ. ಅಂಗಡಿಯ ಜಾಲತಾಣಕ್ಕೆ ಬಂದವರು ಒಂದೇ ಪುಟ ನೋಡಿ ಹೋದರೆ ವ್ಯಾಪಾರ ಆಗಲಿಲ್ಲವೆಂದು ಅರ್ಥ ಮಾಡಬಹುದು. ಕೈಪಿಡಿಯ ಮಾತು ಹಾಗಲ್ಲ. ತಪ್ಪಾಗಿ ಹರಿದ ರಸೀದಿಯನ್ನು ರದ್ದು ಮಾಡುವುದು ಹೇಗೆಂದು ತಿಳಿಯಲು ಬಂದ ಗುಮಾಸ್ತರು ನಾಲ್ಕು ಸಾಲು ಓದಿ, ಪುಟ ಮುಚ್ಚಿ, ಕೌಂಟರಿನಲ್ಲಿ ನಿಂತವರ ಕೆಲಸ ಮಾಡಿಕೊಟ್ಟರೆ ಅದಕ್ಕಿಂತ ಒಳ್ಳೆಯ ಭೇಟಿ ಯಾವುದು? ಒಂದು ಪುಟದಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಅಲೆದವರೇ ನಿಜವಾಗಿ ಉತ್ತರ ಸಿಗದವರು. ಹೀಗಿರುವಾಗ ಸೋಲಿನ ಬಣ್ಣ ಹತ್ತಿದ ಪದವೊಂದು ವರದಿಯಲ್ಲಿ ಕುಳಿತರೆ, ಚೆನ್ನಾಗಿರುವ ಪುಟವನ್ನೇ ಹಾಳುಗೆಡವುವ ತಿದ್ದುಪಡಿಗೆ ಅದು ದಾರಿ ಮಾಡಿಕೊಡುತ್ತದೆ.

ಪದದ ಬಣ್ಣಕ್ಕೆ ಎಷ್ಟು ಬೆಲೆಯಿದೆ ಎಂಬುದನ್ನು ಪುಟದ ಕೆಳಗಿನ ಒಂದು ಸಾಲು ನಮಗೆ ಕಲಿಸಿತು. ಅಲ್ಲಿ ಮೊದಲು 'ಹಿಮ್ಮಾಹಿತಿ ನೀಡಿ' ಎಂದಿತ್ತು. ಪಠ್ಯಪುಸ್ತಕಗಳಲ್ಲಿ ಸಲ್ಲುವ ಪದವದು, ಆದರೆ ಅದನ್ನು ಒತ್ತಿದವರು ಇಲ್ಲವೆನ್ನುವಷ್ಟು ಕಡಿಮೆ. ಅನಂತರ 'ಈ ಪುಟ ಉಪಯುಕ್ತವಾಗಿತ್ತೇ?' ಎಂದು ಕೇಳಿದೆವು. ಬಂದವರೆಲ್ಲ 'ಹೌದು' ಒತ್ತಿ ಹೋದರು. ಮನೆಗೆ ಕರೆದು ಊಟ ಹಾಕಿ ರುಚಿಯಾಗಿತ್ತೇ ಎಂದು ಕೇಳಿದರೆ ಇಲ್ಲವೆನ್ನುವ ಜನ ನಮ್ಮ ಘಟ್ಟದ ಮೇಲೆಯೂ ಇಲ್ಲ, ಕೆಳಗೂ ಇಲ್ಲ. ಕಡೆಗೆ 'ನಿಮ್ಮ ಕೆಲಸ ಆಯಿತೇ?' ಎಂದು ಬರೆದು, 'ಆಯಿತು', 'ಆಗಲಿಲ್ಲ' ಎಂಬ ಎರಡು ಗುಂಡಿಗಳನ್ನಿಟ್ಟು, 'ಆಗಲಿಲ್ಲ' ಎಂದವರಿಗೆ 'ಎಲ್ಲಿ ತೊಡಕಾಯಿತು?' ಎಂಬ ಖಾಲಿ ಜಾಗ ಕೊಟ್ಟೆವು. ಉಪಯುಕ್ತವೇ ಎಂದು ಕೇಳುವುದು ಬರೆದವರ ಬಗ್ಗೆ ತೀರ್ಪು ಕೇಳಿದಂತೆ, ಕೆಲಸ ಆಯಿತೇ ಎನ್ನುವುದು ಓದುಗರದ್ದೇ ಸುದ್ದಿ ಕೇಳಿದಂತೆ. ಆ ಖಾಲಿ ಜಾಗದಲ್ಲಿ ಬಂದ ಮೊದಲ ಮಾತುಗಳಲ್ಲೊಂದು, ಅಪ್ಪಟ ಹವ್ಯಕ ಕನ್ನಡದಲ್ಲಿ: 'ಬ್ಯಾಂಕಿನ ಲೆಕ್ಕ ತಾಳೆ ಆಗ್ತಿಲ್ಲೆ.'

ಆ ಒಂದು ಮಾತಿನಿಂದ ನಾನು ಹುಡುಕಾಟದ ಪಟ್ಟಿಯತ್ತ ಹೋದೆ. ತಾಣದೊಳಗಿನ ಹುಡುಕು ಪೆಟ್ಟಿಗೆಯಲ್ಲಿ ಬರೆದು, ಯಾವ ಉತ್ತರವೂ ಸಿಗದ ಪದಗಳನ್ನು ತಂತ್ರಾಂಶ ಬೇರೆಯಾಗಿಯೇ ಎತ್ತಿಡುತ್ತದೆ. ಅಲ್ಲಿ 'ತಾಳೆ', 'ಲೆಕ್ಕ ತಾಳೆ', 'ಬ್ಯಾಂಕ್ ತಾಳೆ' ಎಂದು ಮತ್ತೆ ಮತ್ತೆ ಇತ್ತು. ನಮ್ಮ ಕೈಪಿಡಿಯಲ್ಲಿ ಅದೇ ವಿಷಯಕ್ಕೆ ಪೂರ್ತಿ ಒಂದು ಅಧ್ಯಾಯವಿದ್ದು, ಅದರ ಹೆಸರು 'ಬ್ಯಾಂಕ್ ಸಮನ್ವಯಗೊಳಿಸುವಿಕೆ'! ಹಾಗೆಯೇ 'ಸರಕಿನ ವರ್ಗೀಕರಣ' ಎಂಬ ಪುಟಕ್ಕೆ ದಾರಿ ಸಿಗದವರು ಹುಡುಕಿದ್ದು ಅಡಿಕೆಯ ಬಗೆಗಳ ಹೆಸರನ್ನು: ಚಾಲಿ, ರಾಶಿ, ಬೆಟ್ಟೆ, ಕೆಂಪುಗೋಟು ಎಂದು. ಪದಕೋಶ ಕೊಡದ ಉತ್ತರವನ್ನು ಓದುಗರು ತಾವಾಗಿಯೇ ಬರೆದು ಕೊಟ್ಟಿದ್ದರು. ಉತ್ತರ ಸಿಗದ ಹುಡುಕಾಟವೆಲ್ಲ ಪದದ ತಪ್ಪಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. 'ರಸೀದಿಯನ್ನು' ಎಂದು ವಿಭಕ್ತಿ ಹಚ್ಚಿ ಹುಡುಕಿದರೆ 'ರಸೀದಿ' ಸಿಗದಂಥ ಹುಡುಕು ಯಂತ್ರ ನಮ್ಮದು, ಮತ್ತು 'ಬ್ಯಾಂಕ್‌ಗೆ' ಎಂಬಲ್ಲಿ ನಡುವಿನ ಕಾಣದ ಅಕ್ಷರವೊಂದು ಇದ್ದರೆ ಒಂದು ಪದ, ಇಲ್ಲದಿದ್ದರೆ ಇನ್ನೊಂದು ಪದವೆಂದು ಅದು ಎಣಿಸುತ್ತದೆ. 'ನುಡಿ' ತಂತ್ರಾಂಶದ, ಯೂನಿಕೋಡ್ ಅಲ್ಲದ ಹಳೆಯ ಆಸ್ಕಿ ಅಕ್ಷರಗಳಲ್ಲಿ ಬರೆದು ತಂದು ಅಂಟಿಸಿದವರ ಮಾತಂತೂ ಓದಲಿಕ್ಕೇ ಬರುವುದಿಲ್ಲ.

ಹೀಗೆಲ್ಲ ಯೋಚಿಸಿದ ಮೇಲೆ ನನ್ನ ಸೂಚನೆ ಒಂದು ಪದವಲ್ಲ, ಎರಡು. ಮಟೊಮೊದ ಅಳತೆಗೂ, ಹಳೆಯ ಗೂಗಲ್ ಲೆಕ್ಕಕ್ಕೂ 'ಒಂದೇ ಪುಟದ ಭೇಟಿ' ಎನ್ನಬಹುದು. ಅದರಲ್ಲಿ ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. 10 ಸೆಕೆಂಡಿನ ಹೊಸ ಅಳತೆಗೆ 'ಹಣಕು ಭೇಟಿ' ಹೇಗೆ? ಬಾಗಿಲಲ್ಲಿ ಹಣಕಿ ಹೋದರು ಎಂದರೆ, ಒಳಗೆ ಬರಲಿಲ್ಲ, ಕೂರಲಿಲ್ಲ, ಏಕೆ ಹೋದರೋ ತಿಳಿಯದು ಎಂಬಷ್ಟೇ ಅರ್ಥ ಬರುತ್ತದೆ, ಆ ಅಂಕಿ ಹೇಳುವುದೂ ಅಷ್ಟನ್ನೇ.

ಬಲ್ಲವರಲ್ಲಿ ನನ್ನ ಪ್ರಶ್ನೆಗಳು ಇವು. 'ಹಣಕು' ಎಂಬ ರೂಪ ಮೈಸೂರು, ಮಂಗಳೂರು ಕಡೆಯ ಓದುಗರಿಗೆ ತಿಳಿಯುತ್ತದೆಯೇ, ಅಥವಾ 'ಇಣುಕು' ಎಂದೇ ಬರೆಯಬೇಕೇ? ಅದರಲ್ಲಿ ಕದ್ದು ನೋಡುವ ಛಾಯೆ ನಿಮ್ಮ ಕಡೆ ಇದೆಯೇ? ಇದ್ದರೆ ಓದುಗರ ಬಗ್ಗೆ ಅದನ್ನು ಬಳಸಲು ನನಗೆ ಮನಸ್ಸಿಲ್ಲ. ಕಾರವಾರ, ಅಂಕೋಲಾ ಕಡೆ ಮನೆಯಲ್ಲಿ ಕೊಂಕಣಿ ಆಡುವ ಲೆಕ್ಕಿಗರು ನಮ್ಮ ಕೈಪಿಡಿಯನ್ನು ಬಹಳವಾಗಿ ಬಳಸುತ್ತಾರೆ. ಅವರ ನಡುವೆ ಕೆಲಸ ಮಾಡುವ ಸದಸ್ಯರು ಯಾರಾದರೂ ಈ ಎರಡು ಪದಗಳನ್ನು ವಿವರಣೆಯಿಲ್ಲದೆ ಅವರ ಮುಂದಿಟ್ಟು, ಅವರು ಏನೆಂದು ಅರ್ಥ ಮಾಡಿದರೆಂಬುದನ್ನು ಇದ್ದ ಹಾಗೆಯೇ ಬರೆದು ತಿಳಿಸಿದರೆ ಉಪಕಾರವಾಗುತ್ತದೆ.