ಸ್ಟ್ರಿಪ್ ಹಿಂದೆ ಓದಿ ದೊಡ್ಡಪ್ಪ

ದೊಡ್ಡಪ್ಪ: (ಫಾರ್ವರ್ಡ್) ನೆಗಡಿ, ಕೆಮ್ಮು, ಎದೆಯುರಿ, ಸಣ್ಣಪುಟ್ಟ ಜ್ವರಕ್ಕೆಲ್ಲ ಡಾಕ್ಟರ್ ಹತ್ತಿರ ಓಡಬೇಡಿ. ಮೊದಲು ಮೆಡಿಕಲ್ ಸ್ಟೋರ್‌ನಲ್ಲಿ ಕೇಳಿ. ಎಲ್ಲರಿಗೂ ಕಳಿಸಿ 🙏

ಚಿಕ್ಕಮ್ಮ: ಭಾವ, ಇಂಥದ್ದನ್ನೆಲ್ಲ ಯಾಕೆ ಕಳಿಸುತ್ತೀರಿ? ಮಾತ್ರೆ ಮಾರುವವರು ಡಾಕ್ಟರಾ?

ರೇಖಾ: ಚಿಕ್ಕಮ್ಮ, ಆ ಮಾತ್ರೆ ಮಾರುವವಳು ನಾನೇ 🙂 ಔಷಧಿ ಬಗ್ಗೆ ವರ್ಷಗಟ್ಟಲೆ ಓದಿದ್ದೇನೆ. ಬಿಪಿ ನೋಡುತ್ತೇನೆ, ಇನ್‌ಹೇಲರ್ ಎಳೆಯುವುದು ಹೇಗೆಂದು ತೋರಿಸುತ್ತೇನೆ. ಎಷ್ಟೋ ಜನ ಅದನ್ನು ತಪ್ಪಾಗಿಯೇ ಎಳೆಯುತ್ತಾರೆ.

ಕಿರಣ್: ಹಾಗಾದ್ರೆ ನನ್ನ ನೆಗಡಿಗೊಂದು ಆಂಟಿಬಯೋಟಿಕ್ ಕೊಡು ಅಕ್ಕ.

ರೇಖಾ: ಕೊಡಲ್ಲ. ನೆಗಡಿ ತರುವುದು ವೈರಸ್, ಅದಕ್ಕೆ ಆಂಟಿಬಯೋಟಿಕ್ ನಾಟುವುದಿಲ್ಲ. ವಾರದಲ್ಲಿ ತಾನಾಗಿ ಹೋಗುತ್ತದೆ, ಮಲಗು.

ಚಿಕ್ಕಮ್ಮ: ಸರಿ, ಎದೆಯುರಿ? ಗ್ಯಾಸ್ ಅಂದುಕೊಂಡು ಮಾತ್ರೆ ನುಂಗಿ ಕೂತರೆ, ಅದು ಹಾರ್ಟ್ ಅಟ್ಯಾಕ್ ಆಗಿದ್ದರೆ? ಈ ಮೆಸೇಜಿನಲ್ಲಿ ಅದು ಎಲ್ಲಿದೆ?

ರೇಖಾ: ಇಲ್ಲ, ಅದನ್ನು ಒಪ್ಪಿದೆ. ಎದೆ ಹಿಂಡಿದ ಹಾಗಾಗಿ ಬೆವರಿದರೆ, ನೋವು ಕೈಗೋ ದವಡೆಗೋ ಹರಿದರೆ ನೇರ ಆಸ್ಪತ್ರೆ. 3 ತಿಂಗಳು ತುಂಬದ ಮಗುವಿಗೆ 38 ಡಿಗ್ರಿ ಜ್ವರ ಬಂದರೂ ಅಷ್ಟೇ. ನನ್ನ ಹತ್ತಿರ ಬಂದರೂ ನಾನು ಅಲ್ಲಿಗೇ ಕಳಿಸುವುದು.

ದೊಡ್ಡಪ್ಪ: ನನಗೆ ಬರೀ ನೆಗಡಿ ಜ್ವರ. ನೆಗಡಿ ಮಾತ್ರೆ ದಿನಕ್ಕೆ 4, ಜ್ವರಕ್ಕೆ ಪ್ಯಾರಾಸಿಟಮಾಲ್ 650ರದ್ದು 4. ಎರಡು ದಿನ ಆಯಿತು. ಯಾವ ಡಾಕ್ಟರೂ ಬೇಡ.

ರೇಖಾ: ನೆಗಡಿ ಮಾತ್ರೆಯ ಸ್ಟ್ರಿಪ್ ಹಿಂದೆ ಏನು ಬರೆದಿದೆ, ಓದಿ ದೊಡ್ಡಪ್ಪ.

ದೊಡ್ಡಪ್ಪ: ಕನ್ನಡಕ ತರುತ್ತೇನೆ ಇರು

ದೊಡ್ಡಪ್ಪ: ಪ್ಯಾರಾಸಿಟಮಾಲ್ 500. ಇನ್ನೇನೋ ಎರಡಿದೆ.

ರೇಖಾ: ಅಂದರೆ ಎರಡೂ ಮಾತ್ರೆ ಸೇರಿ ದಿನಕ್ಕೆ 4,600 ಮಿಲಿಗ್ರಾಂ, ಅಂದರೆ 4.6 ಗ್ರಾಂ ಪ್ಯಾರಾಸಿಟಮಾಲ್! ದೊಡ್ಡವರಿಗೆ 24 ಗಂಟೆಯಲ್ಲಿ 4 ಗ್ರಾಂ ದಾಟಬಾರದು. ದಾಟಿದರೆ ಲಿವರ್‌ಗೆ ಪೆಟ್ಟು, ಅದೂ ಮೊದಲು ಗೊತ್ತೇ ಆಗಲ್ಲ. ನೆಗಡಿ ಮಾತ್ರೆಯಲ್ಲಿ ಸಾಮಾನ್ಯವಾಗಿ ಮೂಗು ಬಿಡಿಸುವ ಔಷಧಿಯೂ ಇರುತ್ತದೆ, ಅದು ಬಿಪಿ ಏರಿಸಬಹುದು. ಕೊಳ್ಳುವಾಗ ಬಿಪಿ ಮಾತ್ರೆ ನುಂಗುತ್ತೀನಿ ಅಂತ ಹೇಳಿದ್ರಾ?

ದೊಡ್ಡಪ್ಪ: ಅವರು ಕೇಳಲಿಲ್ಲ.

ಚಿಕ್ಕಮ್ಮ: ನೋಡಿ, ಕೇಳಲೂ ಇಲ್ಲ!

ರೇಖಾ: ಕೇಳಬೇಕಿತ್ತು, ಅದು ಅವರ ತಪ್ಪೇ. ಆದರೆ ಹೆಸರು ಹೇಳಿ ಎರಡು ಸ್ಟ್ರಿಪ್ ಕೊಡಿ ಅಂದು ಹೊರಟುಬಿಟ್ಟರೆ ಅದು ಸಲಹೆ ಕೇಳಿದ ಹಾಗಲ್ಲ. ದೊಡ್ಡಪ್ಪ, ಎರಡೂ ಮಾತ್ರೆ ನಿಲ್ಲಿಸಿ. ಸ್ಟ್ರಿಪ್ ಹಿಡಿದು ಈಗಲೇ ಡಾಕ್ಟರ್ ಹತ್ತಿರ ಹೋಗಿ. ನಾಳೆ ಅಲ್ಲ.

ಚಿಕ್ಕಮ್ಮ: ಕೊನೆಗೆ ಡಾಕ್ಟರೇ ಬೇಕಾಯಿತಲ್ಲ 😏

ರೇಖಾ: ಕಳಿಸಿದ್ದು ಯಾರು ಚಿಕ್ಕಮ್ಮ?

ದೊಡ್ಡಪ್ಪ: ಚಪ್ಪಲಿ ಹಾಕಿಕೊಂಡೆ.