‘ಪ್ರಿಸರ್ವೇಶನ್’ ಎಂಬುದಕ್ಕೆ ‘ಸಂರಕ್ಷಣೆ’ ಹೊಂದುವುದೇ?

ಮಾನ್ಯರೇ,

ಮುಂಬಯಿ ಕನ್ನಡಿಗರಿಗಾಗಿ ಸೈಬರ್ ವಂಚನೆಯ ಕುರಿತ ಕಿರುಹೊತ್ತಗೆಯೊಂದನ್ನು ಮರಾಠಿಯಿಂದ ಅನುವಾದಿಸುತ್ತಿರುವ ನಾನು ಒಂದು ಪದಕ್ಕೆ ಬಂದು ತಡವರಿಸಿದ್ದೇನೆ. ತನಿಖೆಗೆ ಬೇಕಾದ ಮಾಹಿತಿ ಹೊರದೇಶದ ಕಂಪನಿಯ ಸರ್ವರಿನಲ್ಲಿದ್ದಾಗ, ಅದು ಕೈಗೆ ಬರುವವರೆಗೆ ಅಳಿಸಿಹೋಗದಂತೆ ಇಟ್ಟುಕೊಂಡಿರಿ ಎಂದು ಕೇಳುವ ಕ್ರಮವಿದೆ. ಇಂಗ್ಲಿಷಿನ ಈ ‘ಪ್ರಿಸರ್ವೇಶನ್’ಗೆ ಮರಾಠಿ ಮೂಲದಲ್ಲಿ ‘ಜತನ ಕರಣೆ’ ಎಂದಿದೆ.

ಜತನ ನಮ್ಮಲ್ಲೂ ಉಂಟು. ಆದರೆ ಮಗುವನ್ನು ಜತನದಿಂದ ನೋಡಿಕೊಳ್ಳುವಾಗ ನಮಗೆ ತೋರುವುದು ಅಕ್ಕರೆ ಮತ್ತು ಎಚ್ಚರ. ‘ಸಂರಕ್ಷಣೆ’ಯ ತೊಡಕು ಇನ್ನೂ ದೊಡ್ಡದು. ‘ದತ್ತಾಂಶ ಸಂರಕ್ಷಣೆ’ ಎಂದು ಓದಿದವರು, ತಮ್ಮ ಮಾಹಿತಿ ಪರರ ಕೈಸೇರದಂತೆ ಕಾಯುವ ಏರ್ಪಾಡು ಇದೆಂದು ತಿಳಿದರೆ ತಪ್ಪು ಅವರದಲ್ಲ. ಇಲ್ಲಿಯ ಉದ್ದೇಶವಾದರೋ ಮುಂದೊಂದು ದಿನ ಅದನ್ನು ತನಿಖೆಯವರಿಗೆ ಒಪ್ಪಿಸುವುದು. ‘ಜಪ್ತಿ’ಯೂ ಸಲ್ಲದು, ಏಕೆಂದರೆ ಮಾಹಿತಿ ಇನ್ನೂ ಕಂಪನಿಯ ಬಳಿಯೇ ಇರುತ್ತದೆ. ‘ಕಾಯ್ದಿರಿಸುವುದು’ ಎಂದೊಡನೆ ರೈಲಿನ ಸೀಟು ನೆನಪಾಗುತ್ತದೆ.

ಸೈಬರ್ ಅಪರಾಧಗಳ ಕುರಿತ 2001ರ ಅಂತಾರಾಷ್ಟ್ರೀಯ ಬುಡಾಪೆಸ್ಟ್ ಒಡಂಬಡಿಕೆ, ಮಾಹಿತಿಯನ್ನು ಅಳಿಯದಂತೆ ಉಳಿಸುವುದು ಮತ್ತು ಆಮೇಲೆ ಅದನ್ನು ಪಡೆಯುವುದು ಎಂಬ ಎರಡು ಹೆಜ್ಜೆಗಳನ್ನು ಸ್ಪಷ್ಟವಾಗಿ ಬೇರ್ಪಡಿಸುತ್ತದೆ. ಭಾರತ ಅದರ ಸದಸ್ಯ ದೇಶವಲ್ಲವಾದರೂ ಪದದ ಅರ್ಥ ತಿಳಿಯಲು ಅದರ 29ನೆಯ ವಿಧಿ ನೆರವಾಗುತ್ತದೆ: ಒಂದು ದೇಶ ಕೇಳಿಕೊಂಡಂತೆ ಇನ್ನೊಂದು ದೇಶದಲ್ಲಿ ಉಳಿಸಿದ ಮಾಹಿತಿ ಕನಿಷ್ಠ 60 ದಿನ ಹಾಗೆಯೇ ಇರಬೇಕು, ಕೇಳಿದ ದೇಶ ಅಷ್ಟರಲ್ಲಿ ಅದನ್ನು ಪಡೆಯಲು ಬೇರೆಯೇ ಕೋರಿಕೆ ಸಲ್ಲಿಸಬೇಕು. ನಮ್ಮಲ್ಲಿ ಈ ಎರಡನೆಯ ಹೆಜ್ಜೆಗೆ, ಅಪರಾಧಗಳ ತನಿಖೆ, ವಿಚಾರಣೆಯ ಕ್ರಮವನ್ನು ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 112ನೆಯ ಕಲಮಿನಂತೆ (ಸರಕಾರಿ ಕನ್ನಡದಲ್ಲಿ ‘ಪ್ರಕರಣ’, ನಮಗೆ ಮುಂಬಯಿಯವರಿಗೆ ಕಲಮೇ ರೂಢಿ) ನ್ಯಾಯಾಲಯ ಹೊರಡಿಸುವ ಕೋರಿಕೆ ಪತ್ರ ಬೇಕು, ಇಲ್ಲವೇ ಪರಸ್ಪರ ಕಾನೂನು ನೆರವಿನ ಒಪ್ಪಂದದ ದಾರಿ ಹಿಡಿಯಬೇಕು. ಅಮೆರಿಕದೊಡನೆ ಅಂಥ ಒಪ್ಪಂದಕ್ಕೆ 2001ರಲ್ಲಿ ಸಹಿಯಾಗಿ, 2005ರಲ್ಲಿ ಅದು ಜಾರಿಗೆ ಬಂದಿತು.

‘ಯಥಾಸ್ಥಿತಿ’ ನ್ಯಾಯಾಲಯಕ್ಕೆ ಪರಿಚಿತ ಪದವೇ, ಆದರೆ ಅದು ಖಾತೆಯನ್ನೇ ಸ್ತಂಭನಗೊಳಿಸಿದಂತೆ ಕೇಳಿಸುತ್ತದೆ. ವಾಸ್ತವದಲ್ಲಿ ಆ ಹೊತ್ತಿಗಿದ್ದ ಮಾಹಿತಿಯ ಪ್ರತಿಯನ್ನು ಇಟ್ಟುಕೊಂಡರೆ ಸಾಕು. ಹಾಗಾಗಿ ನನ್ನ ಒಲವು ‘ಉಳಿಸಿಡುವ ಕೋರಿಕೆ’ಯ ಕಡೆಗಿದೆ. ಆದರೆ ಹಾಗೆಂದರೆ ಎರಡು ಹೆಜ್ಜೆಗಳಿಗೂ ‘ಕೋರಿಕೆ’ ಬಂದು ಮತ್ತೆ ಗೊಂದಲವಾಗುತ್ತದೆ. ಎರಡನೆಯದನ್ನು ‘ವಿನಂತಿ ಪತ್ರ’ ಎಂದು ಬದಲಿಸಬಹುದೇ, ಅಥವಾ ಕನ್ನಡದ ನ್ಯಾಯಾಲಯಗಳಲ್ಲಿ ಈಗಾಗಲೇ ನೆಲೆಗೊಂಡ ಬಳಕೆ ಬೇರೆ ಇದೆಯೇ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.